ಆಧುನಿಕ ತ್ರಿಪುರದಹನ: ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಹೆಡ್‌ಲೈಟ್ ಬಲ್ಬಿನ ಅಕಾಲಮರಣ ಕುರಿತ ಬಹುಶಿಸ್ತೀಯ ಅನುಸಂಧಾನದ ಕಡೆಗೆ

1. ಪ್ರವೇಶಿಕೆ

ಹೆಡ್‌ಲೈಟ್ ಬಲ್ಬನ್ನು ಬರಿಯ ಬಿಡಿಭಾಗವೆಂದು ಕಾಣುವ ಯಾಂತ್ರಿಕ ನೋಟಕ್ರಮವನ್ನು ಮುರಿದು, ಅದನ್ನೊಂದು ಸಾಂಸ್ಕೃತಿಕ ಪಠ್ಯವಾಗಿ ಓದುವುದು ಪ್ರಸ್ತುತ ಪ್ರಬಂಧದ ಆಶಯ. ಅಧ್ಯಯನದ ವ್ಯಾಪ್ತಿ ಕಡೂರು, ತರೀಕೆರೆ ಮತ್ತು ಅಜ್ಜಂಪುರ. ಬೀರೂರನ್ನು ಕೈಬಿಟ್ಟದ್ದಕ್ಕೆ ಗಟ್ಟಿಯಾದ ಸೈದ್ಧಾಂತಿಕ ಕಾರಣವಿದೆ: ನಾಲ್ಕು ಊರಾದರೆ ‘ತ್ರಿಪುರ’ ಎನ್ನಲು ಬರುವುದಿಲ್ಲ. ಪುರಾಣದ ತ್ರಿಪುರ ಸುಟ್ಟದ್ದು ಒಂದೇ ಸಲ. ನಮ್ಮದು ತಿಂಗಳು ತಿಂಗಳು.

ಪೂರ್ವಾಧ್ಯಯನಗಳ ಅವಲೋಕನ ನಿರಾಶೆ ತರುತ್ತದೆ. ತರೀಕೆರೆ ಬಳಿಯ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯವಿದೆ. ಅಲ್ಲಿನ ಶಾಸನ ಕವಿ ಜನ್ನನದೆಂದು ವಿದ್ವಾಂಸರು ಹೇಳುತ್ತಾರೆ. ಅದರಲ್ಲಿ ಹೆಡ್‌ಲೈಟಿನ ಪ್ರಸ್ತಾಪವಿಲ್ಲ. ಈ ಮೌನ ಆಕಸ್ಮಿಕವೇ, ಉದ್ದೇಶಪೂರ್ವಕವೇ ಎಂಬುದು ಇನ್ನೊಬ್ಬರ ಪಿಎಚ್‌.ಡಿ.ಗೆ ಮೀಸಲು. ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯದ ಸರಂಜಾಮು ಎಳೆದ ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರ ಅಜ್ಜಂಪುರದಲ್ಲೇ ಇದೆ. ಆ ಎತ್ತುಗಳು ಬಲ್ಬ್ ಕೇಳಿದ ದಾಖಲೆಯೂ ಸಿಕ್ಕಿಲ್ಲ.

ಈ ಭಾಷೆ ನನ್ನದಲ್ಲ, ಅಂಟಿಕೊಂಡದ್ದು. ಕಾಲೇಜುಗಳ ವಿಚಾರಸಂಕಿರಣದಲ್ಲಿ ಪ್ರಮಾಣಪತ್ರದ ಆಸೆಗೆ ಸಂಜೆಯವರೆಗೆ ಕೂತವರಿಗೆಲ್ಲ ಅಂಟುತ್ತದೆ. ಅಲ್ಲಿ ಮೊದಲು ಕಾಲುದೀಪ ಬೆಳಗಿಸುತ್ತಾರೆ. ಬತ್ತಿ ಆರಿತೆಂದರೆ ಪ್ರಾಂಶುಪಾಲರು “ಏಯ್, ಫ್ಯಾನ್ ಆಫ್ ಮಾಡ್ರೋ!” ಎಂದು ಕೂಗುತ್ತಾರೆ. ದೀಪ ಯಾಕೆ ಆರಿತೆಂದು ನೋಡಿ ಅದಕ್ಕೆ ತಕ್ಕ ಕೆಲಸ ಮಾಡುವುದು ಇಡೀ ದಿನದಲ್ಲಿ ಆ ಒಂದು ಗಳಿಗೆ ಮಾತ್ರ. ಆಮೇಲೆ ಎಲ್ಲರೂ ಬೆಳಕಿನ ಬಗ್ಗೆ ಮಾತಾಡುತ್ತಾರೆ.

2. ಪಂಥಭೇದ

ಕಡೂರಿನದು ವಸ್ತುದೋಷವಾದ: “ಇದು ಡೂಪ್ಲಿಕೇಟ್ ಮಾಲು ಸಾರ್, ಎಲ್ಲಿ ತಗೊಂಡ್ರಿ?” ತರೀಕೆರೆಯದು ಜಲವಾದ. ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿ ಕಡೆ ಮಳೆಯಲ್ಲಿ ಹೋಗಿಬಂದ ಗಾಡಿ ಯಾವುದಾದರೂ ಸರಿ, “ಒಳಗೆ ನೀರು ಇಳಿದೈತೆ.” ಅಜ್ಜಂಪುರದ್ದು ಕಂಪನವಾದ. ಅಲ್ಲಿನ ಆಚಾರ್ಯರು ಬಾನೆಟ್ ಎತ್ತುವುದೂ ಇಲ್ಲ, ಸುಮ್ಮನೆ ರಸ್ತೆ ಕಡೆ ಕೈ ತೋರಿಸುತ್ತಾರೆ. ಭದ್ರಾ ಮೇಲ್ದಂಡೆ ಕಾಮಗಾರಿಯ ಟಿಪ್ಪರುಗಳು ಓಡಾಡಿದ ದಾರಿಯಲ್ಲಿ ಬಂದವರು ಈ ಪ್ರಮಾಣವನ್ನು ಅಲ್ಲಗಳೆಯುವ ಸ್ಥಿತಿಯಲ್ಲಿರುವುದಿಲ್ಲ. ಮೂರರಲ್ಲೂ ಸತ್ಯಾಂಶವಿದೆ. ಮೂರೂ ಕೊನೆಗೆ ಮುಟ್ಟುವ ಸಿದ್ಧಾಂತ ಮಾತ್ರ ಒಂದೇ: ಹೊಸ ಬಲ್ಬ್.

ನಾಲ್ಕನೆಯದು ಷೋರೂಮಿನ ಶಬ್ದಪ್ರಮಾಣ. ಯಾವ ಷೋರೂಮು ಎಂಬುದು ಬೇಡ. ಟೈ ಕಟ್ಟಿದ ಹುಡುಗ ಕಾರಿನ ಮುಖವನ್ನೂ ನೋಡದೆ ಕೈಯಲ್ಲಿದ್ದ ಟ್ಯಾಬ್ ನೋಡಿಕೊಂಡು, “ಬಲ್ಬ್ ವಾರಂಟೀಲಿ ಬರಲ್ಲ ಸರ್. ಫುಲ್ ಅಸೆಂಬ್ಲಿ ಚೇಂಜ್ ಮಾಡ್ಸೋದು ಬೆಟರ್” ಎಂದ. ಯಾಕಪ್ಪಾ ಪದೇಪದೇ ಹೋಗುತ್ತೆ ಅಂದರೆ, “ಸಿಸ್ಟಮ್‌ನಲ್ಲಿ ಏನೂ ತೋರಿಸ್ತಿಲ್ಲ ಸರ್.”

3. ಮೃತರ ವರ್ಗೀಕರಣ

ಪ್ರಕೃತ ಅಧ್ಯಯನದ ಬಲ್ಬ್ ಎಚ್‌4. 1971ರಲ್ಲಿ ಹುಟ್ಟಿದ್ದು. ಒಂದೇ ಗಾಜಿನೊಳಗೆ ಎರಡು ತಂತಿ: ಹೈ ಬೀಮ್‌ಗೆ 60 ವ್ಯಾಟ್, ಡಿಪ್‌ಗೆ 55. ಇದರ ಮರಣ ಪಂಚವಿಧ.

3.1 ಶುದ್ಧಛೇದ. ಗಾಜು ತಿಳಿಯಾಗಿದ್ದು ತಂತಿ ಮಾತ್ರ ತುಂಡಾಗಿರುತ್ತದೆ. ಬಹುಮಟ್ಟಿಗೆ ಅಲುಗಾಟದ ಸಾವು. ಅಜ್ಜಂಪುರ ಪಂಥಕ್ಕೆ ಜಯ.

3.2 ಕೃಷ್ಣಮುಖ. ಗಾಜಿನ ಒಳಮೈ ಕಪ್ಪಾಗಿರುತ್ತದೆ. ಟಂಗ್‌ಸ್ಟನ್ ಕರಗಲು 3,400 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಆದರೆ ಅಷ್ಟು ಕಾಯುವ ಮೊದಲೇ ಅದು ಚೂರುಚೂರೇ ಆವಿಯಾಗುತ್ತಿರುತ್ತದೆ. ಒಳಗಿರುವ ಹ್ಯಾಲೊಜನ್ ಅನಿಲ ಆ ಆವಿಯನ್ನು ಹಿಡಿದು ತಂತಿಗೇ ಮರಳಿಸುತ್ತದೆ. ದುರದೃಷ್ಟವಶಾತ್, ಸವೆದ ಜಾಗಕ್ಕೇ ಮರಳಿಸುವುದಿಲ್ಲ. ಸರ್ಕಾರದ ಬರಪರಿಹಾರ ಕಂಡ ಕಡೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಯಸ್ಸಾದ, ಇಲ್ಲವೇ ಅಳತೆ ಮೀರಿ ವೋಲ್ಟೇಜ್ ಉಂಡ ಬಲ್ಬಿನ ಮುಖ ಹೀಗಾಗುತ್ತದೆ.

3.3 ಕ್ಷೀರಮುಖ. ಗಾಜು ಬಿರಿದು ಗಾಳಿ ನುಗ್ಗಿ, ತಂತಿ ಸುಟ್ಟು ಬೆಳ್ಳಗೆ ಬೂದಿ ಹಿಡಿದದ್ದು.

3.4 ಅಂಗುಲಿಸ್ಪರ್ಶಜನ್ಯ. ಬೆರಳಿನ ಜಿಡ್ಡು ಮೆತ್ತಿದ ಜಾಗ ಹೆಚ್ಚು ಕಾದು ಕ್ವಾರ್ಟ್ಸ್ ಗಾಜು ಊದಿಕೊಳ್ಳುತ್ತದೆ, ಬಿರಿಯುತ್ತದೆ. ಟೀ ಲೋಟ ಬಂಪರಿನ ಮೇಲಿಟ್ಟು, ಮಸಾಲೆ ವಡೆ ತಿಂದ ಕೈಯಲ್ಲೇ ಹೊಸ ಬಲ್ಬಿನ ಗಾಜು ಹಿಡಿದು ಕೂರಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಪೆಟ್ಟಿಗೆಯ ಮೇಲೆ ಮುಟ್ಟಬೇಡಿ ಎಂಬ ಚಿತ್ರ ಇತ್ತು. ಪೆಟ್ಟಿಗೆ ವಡೆಯ ಎಣ್ಣೆ ಒರೆಸಲು ಬಳಕೆಯಾಯಿತು.

3.5 ಐದನೆಯದಕ್ಕೆ ಸಂಸ್ಕೃತದ ಹೆಸರು ಹುಡುಕಿ ಸಾಕಾಯಿತು. ಹೋಲ್ಡರ್ ಕರಗಿ ಸಾಯುವುದು, ಅಷ್ಟೇ.

ಅದು ಆಗುವ ಬಗೆಯನ್ನು ನೇರವಾಗಿಯೇ ಹೇಳುತ್ತೇನೆ. ಬೆಳಕು ಮಂಕಾಯಿತೆಂದು 100/90 ವ್ಯಾಟಿನ ಬಲ್ಬ್ ಹಾಕಿಸುತ್ತಾರೆ. ಬಲ್ಬಿನದೇನೂ ತಪ್ಪಿರುವುದಿಲ್ಲ, ಹಳೆಯ ವೈರು, ತುಕ್ಕು ಹಿಡಿದ ಅರ್ತ್ ಬೋಲ್ಟು, ಸಡಿಲ ಪಿನ್ನು ಸೇರಿ ವೋಲ್ಟೇಜನ್ನು ದಾರಿಯಲ್ಲೇ ತಿಂದುಹಾಕಿರುತ್ತವೆ. ಬಲ್ಬಿಗೆ ಮುಟ್ಟುವ ವೋಲ್ಟೇಜ್ ನೂರಕ್ಕೆ 10 ಇಳಿದರೆ ಬೆಳಕು ನೂರಕ್ಕೆ 30ರಷ್ಟು ಇಳಿಯುತ್ತದೆ. ಅದೇ ಬಡಕಲು ವೈರಿನಲ್ಲಿ, ರಿಲೇ ಕೂಡ ಹಾಕದೆ, 100 ವ್ಯಾಟ್ ಎಳೆದರೆ ಹೋಲ್ಡರ್ ಕಾದು ಕಂದುತ್ತದೆ, ಪಿನ್ನು ಇನ್ನೂ ಸಡಿಲವಾಗುತ್ತದೆ, ಪ್ರತಿ ಹಂಪಿಗೂ ದೀಪ ಆರಿ ಹತ್ತುತ್ತದೆ, ತಂತಿ ಬೇಗ ಸವೆಯುತ್ತದೆ. ಮತ್ತೆ ಹೊಸ ಬಲ್ಬ್. ಮತ್ತೆ ಡೂಪ್ಲಿಕೇಟ್ ಮಾಲು, ನೀರು, ರೋಡು.

4. ವಿಧಾನಶಾಸ್ತ್ರ

ಕೇಳಬೇಕಾದ ಮೊದಲ ಪ್ರಶ್ನೆ: ಹೋಗುತ್ತಿರುವುದು ಒಂದೇ ಕಡೆಯದೋ, ಎರಡೂ ಕಡೆಯದೋ? ಒಂದೇ ಕಡೆಯದಾದರೆ ಆ ಕಡೆಯ ಹೋಲ್ಡರು, ಅರ್ತು, ಬಲ್ಬ್ ಹಿಡಿದ ಕ್ಲಿಪ್ಪು, ಹಿಂದಿನ ರಬ್ಬರ್ ಕ್ಯಾಪು ನೋಡಬೇಕು. ಎರಡೂ ಹೋಗುತ್ತಿದ್ದರೆ ಬಲ್ಬ್ ಬಿಟ್ಟು ಆಲ್ಟರ್ನೇಟರ್ ಕಡೆ ತಿರುಗಬೇಕು. ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿಹಿಡಿದು, ಬ್ಯಾಟರಿಯ ಎರಡು ಟರ್ಮಿನಲ್‌ಗೆ ಮೀಟರ್ ಇಟ್ಟರೆ 14ರ ಆಸುಪಾಸು ತೋರಿಸಬೇಕು. 15 ದಾಟಿದರೆ ರೆಗ್ಯುಲೇಟರ್, ಅಂದರೆ ಹಳೆಯ ಮೆಕ್ಯಾನಿಕ್ಕುಗಳ ‘ಕಟೌಟ್’, ಕೆಟ್ಟಿದೆ. ವೋಲ್ಟೇಜ್ ನೂರಕ್ಕೆ 5 ಏರಿದರೆ ಬಲ್ಬಿನ ಆಯಸ್ಸು ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ನನ್ನ ಕಾರಿನಲ್ಲಿ 15.4 ಇತ್ತು. ಕಂಡುಹಿಡಿದದ್ದು ಸೈದ್ಧಾಂತಿಕ ಕಾರಣಗಳಿಗಾಗಿ ಹೊರಗಿಟ್ಟ ಬೀರೂರಿನ ಬ್ಯಾಟರಿ ಅಂಗಡಿಯ ಹುಡುಗ. ಅವನ ಮೀಟರಿನ ಕೆಂಪು ವೈರಿಗೆ ಎರಡು ಕಡೆ ಟೇಪ್ ಸುತ್ತಿತ್ತು. “ಬಲ್ಬ್ ಬಿಡಿ ಅಂಕಲ್, ಓವರ್‌ಚಾರ್ಜ್ ಆಗ್ತೈತೆ. ಬ್ಯಾಟರಿ ನೀರು ನೋಡಿ, ಅರ್ಧಕ್ಕರ್ಧ ಇಲ್ಲ” ಎಂದ. ಎರಡು ನಿಮಿಷದ ಕೆಲಸ. ಉಳಿದ ಆಚಾರ್ಯರ ಅಂಗಡಿಗಳಲ್ಲೂ ಮೀಟರ್ ಇತ್ತು ಸ್ವಾಮಿ! ಗೋಡೆಯಲ್ಲಿ, ಕ್ಯಾಲೆಂಡರ್ ಪಕ್ಕದಲ್ಲಿ, ಮೊಳೆಗೆ ನೇತಾಡುತ್ತಿತ್ತು. ಅದನ್ನು ಕೆಳಗಿಳಿಸಲು ಒಬ್ಬರಿಗೂ ಕೈ ಬರಲಿಲ್ಲ. ಗೊತ್ತಿದೆ ಎಂದು ತೋರಿಸಿಕೊಳ್ಳುವ ಚಟ ಹತ್ತಿದವರಿಗೆ ಅಳೆದು ನೋಡುವುದು ಅವಮಾನ. ಈ ಕಾಯಿಲೆ ಸಂಕಿರಣದ ವೇದಿಕೆಗೂ ಗ್ಯಾರೇಜಿಗೂ ಒಂದೇ.

ಇದು ಬಲ್ಬಿನ ಬೆಲೆಯ ಪ್ರಶ್ನೆಯಾಗಿದ್ದರೆ ನಕ್ಕು ಬಿಡಬಹುದಿತ್ತು. ರಾತ್ರಿ ಒಂದೇ ದೀಪ ಉರಿಯುವ ಕಾರನ್ನು ಎದುರಿನವನು ಬೈಕ್ ಅಂದುಕೊಳ್ಳುತ್ತಾನೆ. ಅದರಲ್ಲೂ ಆರಿದ್ದು ಬಲಗಡೆಯದಾದರೆ, ಜಾಗ ಇದೆ ಎಂದು ನೇರ ನುಗ್ಗುತ್ತಾನೆ. ಹಿಂದೆ 206, ಈಗ 69 ಎಂಬ ನಂಬರಿನ ಹೆದ್ದಾರಿಯಲ್ಲಿ ಕಡೂರಿನಿಂದ ತರೀಕೆರೆಗೆ ಕತ್ತಲಾದ ಮೇಲೆ ಹೋಗಿ ನೋಡಿ. ಮಂಕು ದೀಪದವರು ಈಗ ಬಿಳಿ ಎಲ್‌ಇಡಿ ಹಾಕಿಸಿಕೊಂಡಿದ್ದಾರೆ. ಆ ಹಳೆಯ ರಿಫ್ಲೆಕ್ಟರ್ ಮಾಡಿದ್ದು ತಂತಿಯ ಬಲ್ಬಿಗೆ. ಬೆಳಕು ಹುಟ್ಟುವ ಜಾಗ ಕೂದಲೆಳೆಯಷ್ಟು ಸರಿದರೂ ರಸ್ತೆಗೆ ಬೀಳಬೇಕಾದದ್ದು ಎದುರಿನವನ ಕಣ್ಣಿಗೆ ಹೊಡೆಯುತ್ತದೆ. ಡಿಪ್ ಮಾಡಿ ಎಂದು ನಾವು ದೀಪ ಮಿಟುಕಿಸಿದರೆ ಅವರು ಇನ್ನೆರಡು ಹೆಚ್ಚುವರಿ ದೀಪ ಹಾಕಿ ತೋರಿಸುತ್ತಾರೆ. ಕಣ್ಣು ಕತ್ತಲೆ ಕಟ್ಟಿದ ಆ ಎರಡು ಮೂರು ಸೆಕೆಂಡಿನಲ್ಲಿ ಮುಂದೆ ಟೈಲ್ ಲೈಟಿಲ್ಲದ ಟ್ರಾಕ್ಟರ್ ಇರುತ್ತದೆ, ಅದರ ಟ್ರೈಲರಿನಲ್ಲಿ ಈರುಳ್ಳಿ ಚೀಲ, ಚೀಲದ ಮೇಲೆ ಜನ.

ಅನುಬಂಧದಲ್ಲಿ ಮೃತ ಬಲ್ಬುಗಳ ಕೋಷ್ಟಕ ಕೊಡುವುದೆಂದಿತ್ತು. ಕೊಡುವುದಿಲ್ಲ. ಅಜ್ಜಂಪುರ, ಶಿವನಿ ಕಡೆಯಿಂದ ಈರುಳ್ಳಿ ಹೊರಡುವ ಕಾಲಕ್ಕೆ ಟ್ರೈಲರಿನ ಹಿಂದೆ ಒಂದು ಪಟ್ಟಿ ಕೆಂಪು ರಿಫ್ಲೆಕ್ಟರ್ ಸ್ಟಿಕರ್ ಅಂಟಿಸಿಕೊಳ್ಳಿ. ಅದಕ್ಕೆ ಬಲ್ಬೂ ಬೇಡ, ವೈರೂ ಬೇಡ. ನಿಮ್ಮ ಹಿಂದೆ ಬರುವ ನಾನು, ಕಟೌಟ್ ಬದಲಾಯಿಸಿಕೊಂಡಿದ್ದೇನೆ.