ಮಹಾಮಹಿಮ ಐಡಿ ಕಾಲಮ್ ಅವರಿಗೆ ಒಂದು ಬಹಿರಂಗ ಪತ್ರ

ಸಕಲ ಟೇಬಲ್‌ಗಳ ಎಡತುದಿಯಲ್ಲಿ ವಿರಾಜಮಾನರಾಗಿರುವ ಶ್ರೀಮಾನ್ ಐಡಿ ಅವರ ಸನ್ನಿಧಾನಕ್ಕೆ,

ಕ್ವೆರಿ ಬರೆದು ಹೊಟ್ಟೆ ಹೊರೆಯುವ ಬಡಪಾಯಿಯ ಸಾಷ್ಟಾಂಗ ನಮಸ್ಕಾರಗಳು. ಇತ್ತ ಕಡೆ ಕ್ಷೇಮ ಎಂದು ಬರೆಯುವುದು ಪದ್ಧತಿ. ತಿಂಗಳ ಕೊನೆಯ ರಿಪೋರ್ಟ್ ಇನ್ನೂ ಹೊರಬಿದ್ದಿಲ್ಲವಾದ್ದರಿಂದ ಆ ಸಾಲನ್ನು ಸದ್ಯಕ್ಕೆ ಕೈಬಿಟ್ಟಿದ್ದೇನೆ.

ತಾವು ಸರ್ವಾಂತರ್ಯಾಮಿಗಳು. ಗ್ರಾಹಕರ ಟೇಬಲ್‌ನಲ್ಲೂ ತಾವೇ, ಆರ್ಡರ್‌ಗಳಲ್ಲೂ ತಾವೇ, ಪಾವತಿಯಲ್ಲೂ ತಾವೇ. ರೈಲ್ಸ್, ಜ್ಯಾಂಗೊ, ಲಾರಾವೆಲ್‌ಗಳಂತೂ ಯಾರೂ ಕೇಳದಿದ್ದರೂ ತಮ್ಮನ್ನು ಪ್ರತಿಷ್ಠಾಪಿಸಿಬಿಡುತ್ತವೆ. ಟೇಬಲ್ ಒಂಟಿಯಾಗಿರುವಷ್ಟು ಹೊತ್ತು ತಮ್ಮಷ್ಟು ಸಾಧು ಇನ್ನೊಬ್ಬರಿಲ್ಲ. ಎರಡನ್ನು ಜಾಯಿನ್ ಮಾಡಿ ಬರೀ ‘ಐಡಿ’ ಎಂದು ಕೇಳಿದೆವೋ, ‘ಯಾವ ಐಡಿ?’ ಎಂಬ ಗದರಿಕೆ. ಈ ಒಂದೇ ಗದರಿಕೆಗೆ ಮೈಎಸ್‌ಕ್ಯೂಎಲ್‌ನಲ್ಲಿ 1052, ಒರಾಕಲ್‌ನಲ್ಲಿ 00918, ಪೋಸ್ಟ್‌ಗ್ರೆಸ್‌ನಲ್ಲಿ 42702 ಎಂದು ಬೇರೆ ಬೇರೆ ನಂಬರು. ಇಷ್ಟು ಬಿರುದುಗಳು ಯಾವ ಮಹಾರಾಜರಿಗಿದ್ದವು!

ಇದನ್ನು ದೂರು ಎಂದು ಭಾವಿಸಬಾರದು. ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದರೆ ಮೇಷ್ಟ್ರು ಇನಿಷಿಯಲ್ ಸೇರಿಸಿ ಹಾಜರಿ ಕೂಗುವಂತೆ, ನಾವೂ ಆರ್ಡರ್‌ಗಳಿಗೆ ‘ಓ’, ಗ್ರಾಹಕರಿಗೆ ‘ಸಿ’ ಎಂದು ಅಲಿಯಾಸ್ ಕೊಟ್ಟು ‘ಓ ಡಾಟ್ ಐಡಿ’ ಎಂದು ಕರೆದರೆ ತಾವು ಪ್ರಸನ್ನರಾಗುತ್ತೀರಿ. ಒಂದೇ ಬಗೆಯ ಎರಡು ಕಾಲಮ್‌ಗಳಿದ್ದರೆ ಅವುಗಳ ಪಾತ್ರವನ್ನೂ ಹೆಸರಿಗೆ ಜೋಡಿಸಿ ಎಂದು ರಿಲೇಷನಲ್ ಡೇಟಾಬೇಸ್‌ಗಳ ಜನಕ ಎಡ್ಗರ್ ಕಾಡ್ 1970ರ ಪ್ರಬಂಧದಲ್ಲೇ ಹೇಳಿದ್ದರು. ಮಾತು ಹಳೆಯದು, ಕೇಳುವವರು ಬೇಕಲ್ಲ.

ತಮ್ಮ ಬಂಧುಬಳಗಕ್ಕೂ ನಾನು ಋಣಿ. ವರ್ಷಗಟ್ಟಲೆ ಓಡುತ್ತಿದ್ದ ಕ್ವೆರಿಯಲ್ಲಿ ‘ಸ್ಟೇಟಸ್’ ಒಬ್ಬರೇ ಇದ್ದರು. ಪಕ್ಕದ ಟೇಬಲ್‌ಗೂ ಯಾರೋ ಒಂದು ‘ಸ್ಟೇಟಸ್’ ಸೇರಿಸಿದರು. ಒಂದಕ್ಷರ ಬದಲಾಗದ ಕ್ವೆರಿ ಮಕಾಡೆ ಮಲಗಿತು. ನನ್ನನ್ನು ನಿದ್ದೆಯಿಂದ ಎಬ್ಬಿಸಿದ್ದಕ್ಕೆ ಕೃತಜ್ಞತೆಗಳು.

ಆದರೆ ಸ್ವಾಮಿ, ತಾವು ಗದರಿದಾಗ ನನಗೆ ಭಯವಿಲ್ಲ. ಮೌನವ್ರತ ಹಿಡಿದಾಗಲೇ ಎದೆ ನಡುಗುವುದು. ಆರ್ಡರ್‌ಗೆ ಪಾವತಿಯನ್ನು ಜಾಯಿನ್ ಮಾಡಿ ‘ಸೆಲೆಕ್ಟ್ ಸ್ಟಾರ್’ ಎಂದರೆ ಎರಡೂ ಐಡಿಗಳು ತುಟಿ ಪಿಟಕ್ಕೆನ್ನದೆ ಬರುತ್ತವೆ; ಪಿಎಚ್‌ಪಿಯ ಅರೇಯಲ್ಲಿ ಎರಡನೆಯದು ಮೊದಲನೆಯದನ್ನು ಅಳಿಸಿ ಕೂರುತ್ತದೆ. ಆ ಜಾಯಿನ್ ‘ಲೆಫ್ಟ್ ಜಾಯಿನ್’ ಆಗಿದ್ದು ಪಾವತಿ ಇನ್ನೂ ಬಂದಿರದಿದ್ದರೆ ಆರ್ಡರ್‌ನ ಐಡಿಯೇ ನಲ್! ‘ನ್ಯಾಚುರಲ್ ಜಾಯಿನ್’ ಎಂದರಂತೂ 7ನೇ ಆರ್ಡರನ್ನು 7ನೇ ಗ್ರಾಹಕನ ಕೊರಳಿಗೆ ಕಟ್ಟಿ ಕೃತಾರ್ಥರಾಗುತ್ತೀರಿ, ಅದು ಅವನದಲ್ಲದಿದ್ದರೂ. ಹೆಸರು ಹೊಂದಿತಲ್ಲ, ಜಾತಕ ಯಾಕೆ?

ಇನ್ನು ತಮ್ಮ ಪರಮ ಲೀಲೆ. ರದ್ದಾದ ಆರ್ಡರ್‌ಗಳನ್ನು ಅಳಿಸಲು ಡಿಲೀಟ್ ಬರೆದು, ಒಳಗಿನ ಸಬ್‌ಕ್ವೆರಿಯಲ್ಲಿ ‘ರದ್ದು ಪಟ್ಟಿಯಿಂದ ಐಡಿ ತಾ’ ಎಂದು ಕೇಳಿದರೆ, ಆ ಪಟ್ಟಿಯಲ್ಲಿ ತಾವು ಇಲ್ಲವೇ ಇಲ್ಲ. ಅಲ್ಲಿರುವುದು ‘ಆರ್ಡರ್ ಐಡಿ’. ಆಗಲಾದರೂ ಎರರ್ ಬರಬೇಕು ತಾನೇ? ಇಲ್ಲ. ಹೊರಗಿನ ಟೇಬಲ್‌ನಲ್ಲಿರುವ ತಾವು ‘ನಾನಿದ್ದೇನಲ್ಲ’ ಎಂದು ಒಳಗೆ ದಯಮಾಡಿಸುತ್ತೀರಿ. ಪ್ರತಿ ಸಾಲೂ ತನಗೆ ತಾನೇ ಸಮ. ರದ್ದು ಪಟ್ಟಿಯಲ್ಲಿ ಒಂದೇ ಒಂದು ಸಾಲಿದ್ದರೂ ಸಾಕು, ಅಷ್ಟೂ ಆರ್ಡರ್‌ಗಳು ಸ್ವಾಹಾ. ಎಲ್ಲವೂ ಎಸ್‌ಕ್ಯೂಎಲ್ ನಿಯಮದ ಪ್ರಕಾರವೇ. ಕಾನೂನು ಮೀರುವ ಜಾಯಮಾನ ತಮ್ಮದಲ್ಲ.

ಆದ್ದರಿಂದ ಸವಿನಯ ಪ್ರಾರ್ಥನೆ: ಅಲಿಯಾಸ್ ಇಲ್ಲದೆ ಬರೆದ ಡಿಲೀಟ್ ಕಂಡಾಗ ದಯವಿಟ್ಟು ಒಂದು 1052 ಮುಖಕ್ಕೆ ರಾಚಿ. ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳುತ್ತೇನೆ.

ಇಂತಿ ತಮ್ಮ ವಿಧೇಯ,
ಬ್ಯಾಕಪ್ ಹುಡುಕುತ್ತಿರುವ ಕ್ವೆರಿದಾರ