ಹೇಗ್‌ಗೆ ಹೋಗಿಬಂದ ವಕೀಲ

(ಮಂಡ್ಯ ಸೀಮೆಯ ಒಂದು ಜಗಲಿ. ಕಾನೂನು ಓದುವ ಹುಡುಗ ನೆದರ್‌ಲ್ಯಾಂಡ್ಸ್ ಅಧ್ಯಯನ ಪ್ರವಾಸ ಮುಗಿಸಿ ಬಂದಿದ್ದಾನೆ. ಜೆಟ್‌ಲ್ಯಾಗ್ ಇನ್ನೂ ಇದೆಯಂತೆ. ಅವನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾನೆ.)

ದೊಡ್ಡಪ್ಪ: ಅಷ್ಟು ದೂರ ಹೋಗಿ ಏನ್ ಕಲ್ತ್ಯಪ್ಪ?

ಹುಡುಗ: ವ್ಯಾಜ್ಯ ಪರಿಹಾರ, ದೊಡ್ಡಪ್ಪ. ಹೇಗ್ ಊರಲ್ಲಿ ಶಾಂತಿ ಅರಮನೆ ನೋಡಿದ್ವಿ. ಕಾರ್ನೆಗಿ ಅನ್ನೋ ಉಕ್ಕಿನ ಸಾಹುಕಾರ ಹದಿನೈದು ಲಕ್ಷ ಡಾಲರ್ ಕೊಟ್ಟಿದ್ದ. 1913ರಲ್ಲಿ ಬಾಗಿಲು ತೆಗೆದ್ರು.

ದೊಡ್ಡಪ್ಪ: ಆಮೇಲೆ ಜಗಳ ನಿಂತ್ವಾ?

ಹುಡುಗ: ಮರುವರ್ಷವೇ ಮೊದಲನೇ ಮಹಾಯುದ್ಧ ಶುರುವಾಯ್ತು.

ದೊಡ್ಡಪ್ಪ: ಗೃಹಪ್ರವೇಶದ ಮುಹೂರ್ತ ಸರಿಯಿರ್ಲಿಲ್ಲ ಅನ್ನು.

ಹುಡುಗ: ಅಲ್ಲೇ ಕಾಯಂ ಪಂಚಾಯ್ತಿ ನ್ಯಾಯಾಲಯ ಇದೆ, 1899ರದ್ದು. ಹೆಸರಿಗಷ್ಟೇ ಕಾಯಂ. ಜಡ್ಜುಗಳು ಖಾಯಮ್ಮಾಗಿ ಕೂತಿರಲ್ಲ. ವ್ಯಾಜ್ಯ ಬಂದಾಗ ಕಕ್ಷಿದಾರರೇ ಪಂಚರನ್ನ ಆರಿಸ್ಕೋತಾರೆ.

ದೊಡ್ಡಪ್ಪ: ನಮ್ಮ ಅರಳೀಕಟ್ಟೇಲೂ ಅಷ್ಟೇ. ವೀಸಾ ಮಾತ್ರ ಕೇಳಲ್ಲ. ಸರಿ, ನನ್ನ ಬದುವಿನ ಕೇಸು ಬಗೆಹರಿಸು. ಎದುರು ಪಾರ್ಟಿ ನಿಮ್ಮಪ್ಪ.

ಹುಡುಗ: ಮಧ್ಯಸ್ಥಗಾರ ತಟಸ್ಥನಾಗಿರ್ಬೇಕು, ದೊಡ್ಡಪ್ಪ.

ದೊಡ್ಡಪ್ಪ: ಅದಿರ್ಲಿ, ಟಿಕೆಟ್ಟಿಗೆ ನಿಮ್ಮಪ್ಪ ದುಡ್ಡು ಎಲ್ಲಿಂದ ತಂದ?

ಹುಡುಗ: ಜಮೀನು ಅಡ ಇಟ್ಟು...

ದೊಡ್ಡಪ್ಪ: ಯಾವ ಜಮೀನು?

ಹುಡುಗ: (ಮೆಲ್ಲಗೆ) ವ್ಯಾಜ್ಯದ್ದೇ.

ದೊಡ್ಡಪ್ಪ: ಭೇಷ್! ನಾಳೆ ತಾಲ್ಲೂಕು ಕೋರ್ಟಲ್ಲಿ ಲೋಕ ಅದಾಲತ್ತು. ರಾಜಿಯಾದ್ರೆ ಕಟ್ಟಿದ ಕೋರ್ಟ್ ಫೀ ವಾಪಸ್ಸು, ಮೇಲ್ಮನವಿ ರಗಳೆಯೂ ಇಲ್ಲ. ನಿಮ್ಮಪ್ಪನ್ನೂ ಕರ್ಕೊಂಡು ಬಾ. ಬಸ್ ಚಾರ್ಜು ನಾನೇ ಕೊಡ್ತೀನಿ.