ಅನ್‌ಇನ್‌ಸ್ಟಾಲ್ ಮಾವ

ನೀವು ಹೊಸ ಫೋನ್ ಕೊಂಡ ಸುದ್ದಿ ಪಕ್ಕದ ಮನೆಗೆ ಮುಟ್ಟುವ ಮೊದಲೇ ಅನ್‌ಇನ್‌ಸ್ಟಾಲ್ ಮಾವನಿಗೆ ಮುಟ್ಟಿರುತ್ತದೆ. ಎಷ್ಟಾಯ್ತು, ಕ್ಯಾಮೆರಾ ಹೇಗಿದೆ, ಬ್ಯಾಟರಿ ಸಂಜೆವರೆಗೂ ಬರುತ್ತಾ ಎಂದು ಊರವರೆಲ್ಲ ಕೇಳುವುದನ್ನು ಅವರು ಕೇಳುವುದಿಲ್ಲ. ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿ ಕೈ ಚಾಚುತ್ತಾರೆ: “ಎಲ್ಲಿ, ಕೊಡಿ ಇಲ್ಲಿ. ಏನೇನು ತುಂಬಿ ಕಳಿಸಿದಾನೋ ನೋಡೋಣ.” ಕೊಟ್ಟ ಫೋನ್ ವಾಪಸ್ ಬರುವುದು ಎರಡನೇ ಕಾಫಿ ಆದ ಮೇಲೆ.

ಇಂಥ ಮಾವ ಒಬ್ಬರು ಎಲ್ಲ ಬಂಧುಬಳಗದಲ್ಲೂ ಇದ್ದೇ ಇರುತ್ತಾರೆ. ನಮ್ಮ ಬಳಗದವರು ಸರ್ಕಾರಿ ಆಡಿಟ್ ಕೆಲಸದಲ್ಲಿದ್ದು ನಿವೃತ್ತರಾದವರು. ವೋಚರುಗಳಲ್ಲಿ ತಪ್ಪು ಹುಡುಕಿ ಪಳಗಿದ ಕಣ್ಣು ಪೆನ್ಷನ್ ಬಂತೆಂದು ಸುಮ್ಮನಿರುತ್ತದೆಯೇ? ಅವರ ಬಳಿ ರಟ್ಟು ಹಾಕಿದ ಒಂದು ಪುಸ್ತಕವಿದೆ. ಕೆಂಪು ಗೆರೆ ಎಳೆದು ಕಾಲಂ ಮಾಡಿದ್ದಾರೆ: ಆ್ಯಪ್‌ನ ಹೆಸರು, ತಿನ್ನುವ ಜಾಗ, ಕೇಳುವ ಅನುಮತಿ, ಷರಾ. ಷರಾದ ಕಾಲಂ ಓದುವಂತಿದೆ. “ಕ್ಯಾಲ್ಕುಲೇಟರ್: ತೆರೆದ ಕೂಡಲೇ ಷರತ್ತುಗಳಿಗೆ ಒಪ್ಪಿಗೆ ಕೇಳುತ್ತದೆ. ಎರಡಕ್ಕೆರಡು ಕೂಡಿಸಲು ಷರತ್ತೇಕೆ? ವಿವರಣೆ ಬೇಕು.” “ಥೀಮ್ ಅಂಗಡಿ: ಹೊತ್ತಲ್ಲದ ಹೊತ್ತಿನಲ್ಲಿ ನೋಟಿಫಿಕೇಶನ್. ವಾಲ್‌ಪೇಪರಿಗೆ ಇಷ್ಟು ತುರ್ತೇನು?” “ಹಾಟ್ ಗೇಮ್ಸ್: ಫೋಲ್ಡರ್ ತೆರೆದರೆ ಇನ್ನಷ್ಟು ಆ್ಯಪ್ ಇಳಿಸಿಕೊಳ್ಳಲು ಹೇಳುತ್ತದೆ. ಅನಧಿಕೃತ ನೇಮಕಾತಿ.”

ಕೈಯಲ್ಲಿ ಫೋನಿರುವಷ್ಟು ಹೊತ್ತು ಬಾಯಲ್ಲಿ ಉಪನ್ಯಾಸ ಇರುತ್ತದೆ. “ಹನ್ನೆರಡು ಸಾವಿರಕ್ಕೆ ಇಷ್ಟು ದೊಡ್ಡ ಫೋನ್ ಹೇಗೆ ಕೊಡ್ತಾನೆ ಅನ್ಕೊಂಡ್ರಿ? ಆ್ಯಪ್‌ನವರು ಜಾಗಕ್ಕೆ ದುಡ್ಡು ಕೊಟ್ಟಿರ್ತಾರೆ. ಶಿಯೋಮಿಯವರು 2018ರಲ್ಲೇ ಹೇಳಿದ್ರಲ್ಲ, ಹಾರ್ಡ್‌ವೇರಲ್ಲಿ ನೂರಕ್ಕೆ 5ಕ್ಕಿಂತ ಹೆಚ್ಚು ಲಾಭ ಇಟ್ಕೊಳಲ್ಲ ಅಂತ. ಮಿಕ್ಕಿದ್ದು ಎಲ್ಲಿಂದ ಬರ್ಬೇಕು?” ಫೋನ್ ತಂದವನು ನಡುವೆ ಒಂದು ಪ್ರಶ್ನೆ ಎಸೆಯುತ್ತಾನೆ: ಒತ್ತಿ ಹಿಡಿದರೆ ಕೆಲವಕ್ಕೆ ‘ಅನ್‌ಇನ್‌ಸ್ಟಾಲ್’ ಬರುತ್ತದೆ, ಕೆಲವಕ್ಕೆ ಬರೀ ‘ನಿಷ್ಕ್ರಿಯಗೊಳಿಸಿ’ ಬರುತ್ತದಲ್ಲ, ಯಾಕೆ? ಮಾವ ಕಾಯುತ್ತಿದ್ದದ್ದೇ ಇದಕ್ಕೆ. “ಬಾಡಿಗೆಗೆ ಮನೆ ಕೊಟ್ಟು, ಓನರ್ ಒಂದು ರೂಮಲ್ಲಿ ತನ್ನ ಹಳೇ ಬೀರು ಇಟ್ಟು ಬೀಗ ಹಾಕ್ಕೊಂಡು ಹೋದ ಹಾಗೆ. ಸಿಸ್ಟಮ್ ಪಾರ್ಟಿಷನ್ ಅಂತ ಅದಕ್ಕೆ. ಓದಬಹುದು, ಬರೆಯೋ ಹಾಗಿಲ್ಲ. ಬಾಡಿಗೆ ಮಾತ್ರ ಪೂರ್ತಿ ಮನೆಗೆ!”

ಆಮೇಲೆ ಕಾರ್ಯಾಚರಣೆ. ಕನ್ನಡಕದ ಡಬ್ಬಿಯಿಂದ ಕೇಬಲ್ ಹೊರಬರುತ್ತದೆ. ನಿಮ್ಮ ಮನೆಯದನ್ನು ಅವರು ಮುಟ್ಟುವುದಿಲ್ಲ, ಏಕೆಂದರೆ ನಿಮ್ಮದು ಬರೀ ಚಾರ್ಜ್ ಮಾಡುವ ಕೇಬಲ್, ಅವರದು ಡೇಟಾ ಹೋಗುವ ಕೇಬಲ್. ಸೆಟ್ಟಿಂಗ್ಸಿಗೆ ಹೋಗಿ ‘ಬಿಲ್ಡ್ ನಂಬರ್’ ಮೇಲೆ ತೋರುಬೆರಳಿನಿಂದ 7 ಸಲ ಕುಟ್ಟುತ್ತಾರೆ. ನೀವೀಗ ಡೆವಲಪರ್ ಎಂದು ಫೋನ್ ಸಾರುತ್ತದೆ. ಸರ್ವಿಸ್ ಪೂರ್ತಿ ಪ್ರಮೋಷನ್ನಿಗೆ ಅಲೆದ ಮನುಷ್ಯನಿಗೆ ಈ ಮಾತು ಎಷ್ಟು ಸಲ ಕೇಳಿದರೂ ಹಳತಾಗದು. ಸುತ್ತ ನಿಂತವರನ್ನು ಒಮ್ಮೆ ನೋಡಿಯೇ ಮುಂದುವರಿಯುತ್ತಾರೆ. ಯುಎಸ್‌ಬಿ ಡಿಬಗ್ಗಿಂಗ್ ಆನ್. ಹಳೇ ಲ್ಯಾಪ್‌ಟಾಪಿನ ಕಪ್ಪು ಪರದೆಯಲ್ಲಿ ಎಡಿಬಿ ಕಮ್ಯಾಂಡು. ಎಂಟರ್ ಒತ್ತಿದರೆ ‘ಸಕ್ಸೆಸ್’ ಎಂಬ ಒಂದೇ ಪದ. ಅದನ್ನು ಅವರು ಜೋರಾಗಿ ಓದುತ್ತಾರೆ. ಬೀರು ನಿಜವಾಗಿ ಎಲ್ಲೂ ಹೋಗಿಲ್ಲ, ನಿಮ್ಮ ಕಣ್ಣಿಗೆ ಕಾಣದಂತಾಗಿದೆ ಅಷ್ಟೆ, ಫ್ಯಾಕ್ಟರಿ ರೀಸೆಟ್ ಮಾಡಿದ ದಿನ ಮತ್ತೆ ಪ್ರತ್ಯಕ್ಷ ಎಂಬುದನ್ನು ಮಾತ್ರ ಮೆಲ್ಲಗೆ ಹೇಳುತ್ತಾರೆ.

ತೆಗೆಯಬಹುದಾದ್ದು ಯಾವುದು, ಕೈಹಚ್ಚಬಾರದ್ದು ಯಾವುದು ಎಂದು ವಿಂಗಡಿಸಿ ಕೊಡುವ ಸಾಧನಗಳಿವೆ. ಅವುಗಳಲ್ಲಿ ‘ಅನ್‌ಸೇಫ್’ ಎಂಬ ವರ್ಗವೂ ಇದೆ. ಆಡಿಟರಿಗೆ ಯಾವ ಫೈಲು ಮುಟ್ಟಬೇಡಿ ಅನ್ನುತ್ತೀರೋ ಅದರ ಮೇಲೇ ಕಣ್ಣು. ಹೀಗಾಗಿ ಒಂದು ಗೃಹಪ್ರವೇಶದಲ್ಲಿ ಸೋದರತ್ತೆಯ ಕೀಬೋರ್ಡ್ ಹೋಯಿತು. ಬಂದ ಶುಭಾಶಯಗಳಿಗೆಲ್ಲ ಅವರು ಬಾಯಲ್ಲೇ ರೆಕಾರ್ಡ್ ಮಾಡಿ ಉತ್ತರ ಕಳಿಸಿದರು. ಒಂದೊಂದೂ ಐದೈದು ನಿಮಿಷ. ಕೀಬೋರ್ಡ್ ಹೋದದ್ದಕ್ಕೆ ಅವರಿಗೆ ಬೇಜಾರಿಲ್ಲ. ಲಾಕ್‌ಸ್ಕ್ರೀನಿನಲ್ಲಿ ಬೆಳಿಗ್ಗೆ ಎದ್ದರೆ ಒಂದು ಬೆಟ್ಟವೋ ಜಲಪಾತವೋ ಕಾಣುತ್ತಿತ್ತು, ಅದನ್ನೂ ಕಿತ್ತರಲ್ಲ ಎಂದು ಇವತ್ತಿಗೂ ಮಾವನಿಗೆ ಕಾಫಿಗೆ ಸಕ್ಕರೆ ಕಡಿಮೆ. “ಅದು ಜಾಹೀರಾತಮ್ಮಾ!” ಎಂದರೆ, “ನಾನೇನು ಕೊಂಡ್ಕೊಂಡ್ನಾ? ನೋಡ್ತಿದ್ದೆ” ಎನ್ನುತ್ತಾರೆ ಅತ್ತೆ. ಇದಕ್ಕೆ ಪುಸ್ತಕದಲ್ಲಿ ಕಾಲಂ ಇಲ್ಲ.

ಈ ಹೋರಾಟಕ್ಕೆ ರಾಷ್ಟ್ರಮಟ್ಟದ ಇತಿಹಾಸವೂ ಉಂಟು. 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆಂಡ್ರಾಯ್ಡ್ ವಿಚಾರದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿ, ಅದರ ಆ್ಯಪ್‌ಗಳನ್ನು ಬಳಕೆದಾರರು ತೆಗೆದುಹಾಕುವುದಕ್ಕೆ ಅಡ್ಡಿ ಮಾಡಬಾರದೆಂದೂ ಹೇಳಿದಾಗ ಮಾವ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದರು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, ತೆಗೆಯುವ ಸೂಚನೆಯೂ ಸೇರಿ ಕೆಲವು ಸೂಚನೆಗಳನ್ನು ರದ್ದು ಮಾಡಿತು. “ನೋಡ್ರೀ ನ್ಯಾಯ! ದಂಡ ಸರ್ಕಾರಕ್ಕೆ, ಆ್ಯಪು ನಮಗೆ” ಎಂದು ಎರಡು ದಿನ ಸಿಹಿ ಮುಟ್ಟಲಿಲ್ಲ.

ನಿಜವಾದ ಧರ್ಮಸಂಕಟ ಬಂದದ್ದು 2025ರ ನವೆಂಬರ್ ಕೊನೆಗೆ. ಹೊಸ ಫೋನುಗಳಲ್ಲೆಲ್ಲ ‘ಸಂಚಾರ್ ಸಾಥಿ’ಯನ್ನು ಮೊದಲೇ ಹಾಕಿ ಕಳಿಸಬೇಕೆಂದು ಕೇಂದ್ರದ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆದೇಶ ಹೊರಡಿಸಿತು. ಒಂದು ಕಡೆ ಮೊದಲೇ ಹಾಕಿದ ಆ್ಯಪು, ಇನ್ನೊಂದು ಕಡೆ ಸರ್ಕಾರಿ ಆದೇಶ. ಜೀವಮಾನದಲ್ಲಿ ಸುತ್ತೋಲೆ ಮೀರದ ಮಾವ ಪುಸ್ತಕ ಮುಚ್ಚಿಟ್ಟು ವಾಕಿಂಗ್ ಕೂಡ ಬಿಟ್ಟರು. ಡಿಸೆಂಬರ್ 3ಕ್ಕೆ ಸರ್ಕಾರ ಕಡ್ಡಾಯವನ್ನು ಹಿಂತೆಗೆದುಕೊಂಡಿತು. ಮಾವನ ಬಾಯಿ ತೆರೆಯಿತು. “ಆ್ಯಪ್ ಒಳ್ಳೇದೇ. ಕಳೆದ ಫೋನ್ ಬ್ಲಾಕ್ ಮಾಡಬಹುದು, ನಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ನೋಡಬಹುದು. ನನ್ನ ಫೋನಲ್ಲೂ ಇದೆ. ಆದ್ರೆ ಅದನ್ನ ನಾನು ಹಾಕ್ಕೊಂಡಿದೀನಿ.” ಆ ‘ನಾನು’ ಅನ್ನುವಾಗ ಎದೆ ಮುಟ್ಟಿಕೊಂಡರು.

ಅವರ ಫೋನಿನಲ್ಲಿ ಅದು ಬಿಟ್ಟರೆ ಬೇರೇನೂ ಇಲ್ಲ. ನಕ್ಷೆ ಇಲ್ಲ, ಯುಪಿಐ ಇಲ್ಲ. ಎಳನೀರು ಕುಡಿದು, “ಸ್ವಲ್ಪ ನಿಮ್ಮದರಲ್ಲಿ ಹಾಕಿ, ನನ್ನದು ಕ್ಲೀನಾಗಿದೆ” ಎಂದು ಪಕ್ಕದಲ್ಲಿ ನಿಂತ ಅಪರಿಚಿತರಿಗೆ ನೋಟು ಕೊಡುತ್ತಾರೆ.

ಮೊನ್ನೆ ಮಗ ಅವರ ಹುಟ್ಟುಹಬ್ಬಕ್ಕೆ ದುಬಾರಿ ಫೋನ್ ತಂದುಕೊಟ್ಟ. ಹೆಚ್ಚುವರಿ ಸರಕೇ ಇಲ್ಲದ ಮಾಡೆಲ್ಲು. ಮಾವ ಆ್ಯಪ್‌ಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಜಾರಿಸಿದರು, ಬೇಗ ಮುಗಿಯಿತು. ಇನ್ನೊಮ್ಮೆ ಜಾರಿಸಿದರು. ಷರಾ ಬರೆಯಲು ತೆರೆದ ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದರು. ಮಾರನೇ ವಾರ ಅದನ್ನು ಸೊಸೆಗೆ ಕೊಟ್ಟು ಅಂಗಡಿಗೆ ಹೋಗಿ, “ಎಲ್ಲಕ್ಕಿಂತ ಜಾಸ್ತಿ ಆ್ಯಪ್ ತುಂಬಿರೋ ಫೋನ್ ಯಾವುದಪ್ಪಾ?” ಎಂದು ಕೇಳಿದರು. ಅಂಗಡಿಯ ಹುಡುಗ ಹಲ್ಲು ಬಿಟ್ಟು ಒಂದು ತೋರಿಸಿದ. ಆನ್ ಮಾಡಿದ್ದೇ ತಡ ನೋಟಿಫಿಕೇಶನ್ನುಗಳು ಮುತ್ತಿಕೊಂಡವು. “ಪ್ಯಾಕ್ ಮಾಡು,” ಎಂದರು ಮಾವ, “ಮಳೆಗಾಲ ಪೂರ್ತಿ ಕೆಲಸ ಇದೆ.”